ಒಂದೇ ಸಲ ಕೇಳುವವರ ಭಾಷೆ

ಹೋದ ವಾರ ಅತ್ತೆಗೆ ಜ್ವರ ಬಂದು ಮೂರು ಹೊತ್ತೂ ಗಂಜಿ ಬೇಯಿಸಿದೆ. ಕುಚ್ಚಲಕ್ಕಿ ಗಂಜಿ ಕುದಿಯುವ ವಾಸನೆ ನಮ್ಮ ಮನೆಗೆ ಹೊಸದಲ್ಲ. ಆದರೆ ಅದು ಆರುತ್ತ ಬಂದು, ಮೇಲೆ ತೆಳ್ಳಗೆ ಪದರ ಕಟ್ಟುವ ಹೊತ್ತಿಗೆ ಇನ್ನೊಂದು ವಾಸನೆ ಏಳುತ್ತದೆ, ಪೂರ್ತಿ ಒಣಗದ ಬಟ್ಟೆಗೆ ಇಸ್ತ್ರಿ ಹಾಕಿದ ಹಾಗೆ. ಅದು ಮೂಗಿಗೆ ತಾಗಿದ್ದೇ ನನ್ನ ಬೆನ್ನು ತಾನಾಗಿ ನೆಟ್ಟಗಾಯಿತು. ಕುಮಟೆಯ ನನ್ನ ಅಡುಗೆಮನೆಯಲ್ಲಿ ಸೌಟು ಹಿಡಿದು ನಿಂತವಳು ಒಂದು ಕ್ಷಣ ಹೊನ್ನಾವರದ ಕಾಲೇಜಿನ ಮಹಡಿಯ ಕೋಣೆಯಲ್ಲಿದ್ದೆ. ಗಾಳಿಗೆ ಕಿಟಕಿಯ ಕೊಕ್ಕೆ ಟಕ್ ಟಕ್ ಬಡಿಯುತ್ತಿತ್ತು, ಎದುರಿಗೆ ಚೈತ್ರಾ ಚಮಚ ಹಿಡಿದು ಕೂತಿದ್ದಳು.

ಎರಡು ಮಳೆಗಾಲದ ಹಿಂದಿನ ಮಾತು ಅದು. ಮಗಳನ್ನು ಕಾಲೇಜಿಗೆ ಸೇರಿಸಲು ಹೋದವಳು ನೋಟಿಸ್ ಬೋರ್ಡಿನ ಮುಂದೆ ನಿಂತುಬಿಟ್ಟಿದ್ದೆ. ಜಪಾನಿ ಭಾಷೆಯ ತರಗತಿ, ಅಲ್ಲಿ ವಯಸ್ಸಾದವರ ಆರೈಕೆಯ ಕೆಲಸಕ್ಕೆ ಹೋಗಬಯಸುವವರಿಗೆ, ಹೊರಗಿನವರೂ ಸೇರಬಹುದು. ಆ ಅಕ್ಷರಗಳ ಚೆಂದಕ್ಕೆ ಮರುಳಾದೆನೋ ಏನೋ. ಒಂದೊಂದೂ ಪುಟ್ಟ ಮನೆಯ ಹಾಗೆ, ಮಾಡು, ಕಂಬ, ಕಿಟಕಿ ಎಲ್ಲ ಇಟ್ಟು ಕಟ್ಟಿದ ಹಾಗಿತ್ತು. ಕಾನ್ವೆಂಟಿನಲ್ಲಿ ಸಿಸ್ಟರ್ ನನ್ನ ಕೈಬರಹವನ್ನು ಇಡೀ ಕ್ಲಾಸಿಗೆ ತೋರಿಸುತ್ತಿದ್ದರು. ಮದುವೆಯಾದ ಮೇಲೆ ಕಿರಾಣಿ ಚೀಟಿ ಬಿಟ್ಟು ಬೇರೇನೂ ಬರೆದದ್ದು ನೆನಪಿಲ್ಲ.

ಮನೆಯಲ್ಲಿ ಹೇಳಿದಾಗ ಇವರು ಪೇಪರಿನಿಂದ ತಲೆಯೆತ್ತದೆ, “ಬಸ್ಸಲ್ಲಿ ಹೋಗಿ ಬರೂಕೆ ಆತದೆ ಅಂದ್ರೆ ಹೋಗು” ಎಂದರು. ಅತ್ತೆಗೆ ಮಾತ್ರ ನಗು ತಡೆಯಲಿಲ್ಲ.

“ಎಂತಕ್ಕೆ? ಜಪಾನಿನವ್ರು ಬಂದು ನಿನ್ನ ಹತ್ರ ಹುಳಿ ಮಾಡೂದು ಹ್ಯಾಂಗೆ ಅಂತ ಕೇಳ್ತ್ರಾ?”

“ಕೇಳಿದ್ರೆ ಹೇಳೂಕಾದ್ರೂ ಬರ್ಬೇಕಲ್ಲ ಅತ್ತೆ” ಎಂದೆ. ಅಷ್ಟಕ್ಕೇ ಮುಗಿಯಿತು. ಅದೊಂದು ಹವ್ಯಾಸ ಎಂದು ಎಲ್ಲರೂ ತಿಳಿದರು. ನಾನೂ ಹಾಗೇ ತಿಳಿದಿದ್ದೆ.

ಕಲಿಸುವವರು ವಸುಧಾ ಮೇಡಂ. ನಮ್ಮ ಕುಮಟೆಯ ಕಡೆಯವರೇ, ಬಹಳ ವರ್ಷ ಜಪಾನಿನ ಒಂದು ವೃದ್ಧಾಶ್ರಮದಲ್ಲಿ ಕೆಲಸ ಮಾಡಿ ಊರಿಗೆ ಮರಳಿದವರು. ಗುರುಗಳನ್ನು ಅಲ್ಲಿ ಸೆನ್ಸೇ ಎನ್ನಬೇಕು. ಬರೀ ಸೆನ್ಸೇ ಅನ್ನಲು ಬಾಯಿ ಬಾರದೆ ಹುಡುಗಿಯರು ಮೊದಲ ತಿಂಗಳೆಲ್ಲ ‘ಸೆನ್ಸೇ ಮೇಡಂ’ ಎನ್ನುತ್ತಿದ್ದರು. ಅವರು ಒಂದು ದಿನವೂ ದನಿ ಏರಿಸಲಿಲ್ಲ. ಹೆದರಿಕೆಯೆಲ್ಲ ಇದ್ದದ್ದು ಅಲ್ಲೇ. ಒದ್ದೆ ಕೊಡೆಯನ್ನು ಚೀಲದೊಳಗೆ ಮಡಚಿಟ್ಟು, ಚಪ್ಪಲಿಯ ಮೂತಿಯನ್ನು ಬಾಗಿಲ ಕಡೆ ತಿರುಗಿಸಿ, ಕೈಯಲ್ಲೊಂದು ಪುಟ್ಟ ಟವೆಲು ಹಿಡಿದು ಒಳಗೆ ಬರುತ್ತಿದ್ದರು. ಗಂಟೆ ಬಾರಿಸಿದ ಕೂಡಲೇ ಬಾಗಿಲು ಹಾಕಿಬಿಡುತ್ತಿದ್ದರು. ಹೆದ್ದಾರಿಯಲ್ಲಿ ಗುಡ್ಡ ಕುಸಿದಿರಲಿ, ಬಸ್ಸು ಕೆಟ್ಟಿರಲಿ, ಹಾಕಿದ ಬಾಗಿಲು ತೆಗೆಯುತ್ತಿರಲಿಲ್ಲ. ಜೂನಿನಲ್ಲೇ ಒಂದು ದಿನ ನಾನು ಪೂರ್ತಿ ಪಾಠವನ್ನು ವರಾಂಡದಲ್ಲಿ ನಿಂತು ಕೇಳಿದ್ದೆ. ಸೀರೆಯ ಅಂಚಿನಿಂದ ನೀರಿಳಿದು ಕಾಲ ಸುತ್ತ ಕೆರೆಯಾಗಿತ್ತು. ಹೊರಬಂದ ಸೆನ್ಸೇ ಆ ನೀರನ್ನೇ ನೋಡಿ, “ನಾಳೆ ಇದಕ್ಕಿಂತ ಮೊದಲಿನ ಬಸ್ಸು ಹಿಡೀರಿ” ಎಂದಷ್ಟೇ ಹೇಳಿದರು.

ಪ್ರತಿ ಸೋಮವಾರ ಅಕ್ಷರದ ಪರೀಕ್ಷೆ. ಗೀಟು ಎಳೆಯುವ ಕ್ರಮ ತಪ್ಪಿದರೂ ಕೆಂಪು ಬಣ್ಣ. ಮೂರು ಬಗೆಯ ಲಿಪಿ, ಒಂದನ್ನು ಹಿಡಿದರೆ ಇನ್ನೊಂದು ಜಾರುತ್ತಿತ್ತು. ತುಂಬಿದ್ದ ಬೆಂಚುಗಳು ಚೌತಿಯ ಹೊತ್ತಿಗೆ ಅರ್ಧ ಖಾಲಿಯಾದವು.

ನಮ್ಮನ್ನು ಜೋಡಿ ಜೋಡಿಯಾಗಿ ಕೂರಿಸಿದ್ದರು. ಕೊನೆಯ ಮಾತಿನ ಪರೀಕ್ಷೆಯೂ ಜೋಡಿಯಲ್ಲೇ, ಒಬ್ಬರು ಆರೈಕೆ ಮಾಡುವವರು, ಇನ್ನೊಬ್ಬರು ಆಶ್ರಮದ ಅಜ್ಜಿ. ನಲವತ್ತು ದಾಟಿದವಳು ನಾನೊಬ್ಬಳೇ ಆದ್ದರಿಂದ ಅಜ್ಜಿ ಯಾರೆಂದು ಯೋಚಿಸುವ ತೊಂದರೆ ಯಾರಿಗೂ ಬರಲಿಲ್ಲ. ನನ್ನ ಜೋಡಿ ಚೈತ್ರಾ. ಭಟ್ಕಳದ ತೆಂಗಿನಗುಂಡಿಯ ಹುಡುಗಿ, ಅಪ್ಪ ದೋಣಿಗೆ ಹೋಗುವವರು, ಅಮ್ಮ ಮೀನು ಮಾರುವವರು. ಕುಳ್ಳಗೆ, ಚುರುಕಾಗಿ, ಜಡೆಯ ತುದಿಯನ್ನು ಪೆನ್ನಿಗೆ ಸುತ್ತುತ್ತ ಪಾಠ ಕೇಳುತ್ತಿದ್ದಳು. ಓದಿದ್ದು ಒಂದೇ ಸಲಕ್ಕೆ ಅವಳ ತಲೆಯಲ್ಲಿ ನಿಲ್ಲುತ್ತಿತ್ತು.

ಅವಳಿಗಿದು ಹವ್ಯಾಸವಾಗಿರಲಿಲ್ಲ. ಮನೆಯಲ್ಲಿ ಅವಳಿಗೆ ಕೊಟ್ಟಿದ್ದು ಒಂದೇ ವರ್ಷ. ಮಾತಿನ ಪರೀಕ್ಷೆ ಪಾಸಾದರೆ ಜಪಾನಿನ ಸಂಸ್ಥೆಯಿಂದ ಕರೆ ಬರುತ್ತದೆ. ಇಲ್ಲವಾದರೆ ತದಡಿಯಲ್ಲಿ ಅವಳ ಸೋದರಮಾವನ ಐಸ್ ಫ್ಯಾಕ್ಟರಿ. ಮಾವ ಆಫೀಸಿನಲ್ಲಿ ಅವಳಿಗೆಂದು ಒಂದು ಕುರ್ಚಿಯನ್ನು ಆಗಲೇ ಹಾಕಿಸಿಯೂ ಆಗಿತ್ತು.

“ಕೆಟ್ಟ ಕೆಲ್ಸ ಏನಲ್ಲ ಅಕ್ಕ” ಎಂದಿದ್ದಳು ಬಸ್‌ಸ್ಟ್ಯಾಂಡಿನಲ್ಲಿ. “ಆದ್ರೆ ಮಾವ ಒಂದ್ಸಲ ಕುರ್ಚಿ ಕೊಟ್ರೆ ಏಳೂಕೆ ಬಿಡೂದಿಲ್ಲ. ನಾ ಅಲ್ಲೇ ಮಂಜುಗಡ್ಡೆ ಆತೆ.”

ಅವಳ ಭಾಷೆಯಲ್ಲಿ ತಪ್ಪಿರಲಿಲ್ಲ. ತೊಡಕು ಬಂದದ್ದು ಊಟ ಮಾಡಿಸುವ ಪಾಠದಲ್ಲಿ. ಪರೀಕ್ಷೆಗೂ ಅದೇ ಪಾಠ ಬರುತ್ತದೆ ಎಂದು ಸೆನ್ಸೇ ಹೇಳಿದ್ದರು. ಅಜ್ಜಿ ನಾನಾದ್ದರಿಂದ ಗಂಜಿಯೂ ನನ್ನ ಮನೆಯದೇ, ಸ್ಟೀಲ್ ಡಬ್ಬಿಯಲ್ಲಿ ಕುಮಟೆಯಿಂದ ಹೊನ್ನಾವರಕ್ಕೆ ಬಸ್ಸಿನಲ್ಲಿ ಬರುತ್ತಿತ್ತು. ಪಾಠ ಹೀಗೆ: ಅವಳು ಬಟ್ಟಲು ಹಿಡಿದು, ‘ಅಜ್ಜಿ, ಗಂಜಿ ಕುಡಿಯುವಿರಾ?’ ಎನ್ನಬೇಕು. ನಾನು ‘ಇಯೆ, ಕೆಕ್ಕೋ ದೆಸ್’, ಅಂದರೆ ಬೇಡ, ಸಾಕು ಎನ್ನಬೇಕು. ಅವಳು ‘ವಕಾರಿಮಾಶಿತಾ’ ಎಂದು, ಅಂದರೆ ತಿಳಿಯಿತು, ಆಗಲಿ ಎಂದು, ತಲೆಬಾಗಿ ಬಟ್ಟಲು ತೆಗೆದಿಡಬೇಕು. ಅಷ್ಟೇ.

ಮೊದಲ ದಿನ ನಾನು ಬೇಡ ಎಂದೆ. ಚೈತ್ರಾ ಚಮಚವನ್ನು ಇನ್ನೂ ಹತ್ತಿರ ತಂದಳು. ಮತ್ತೊಮ್ಮೆ ಬೇಡ ಎಂದೆ. ಇನ್ನೊಂದು ಚೂರು ಹತ್ತಿರ ಬಂತು.

“ಚೈತ್ರಾ-ಸಾನ್” ಎಂದರು ಸೆನ್ಸೇ, ಅಲ್ಲಿಯವರು ಮರ್ಯಾದೆಗೆ ಕರೆಯುವ ಹಾಗೆ, “ಅವರು ಎಂತ ಹೇಳಿದ್ರು?”

“ಬೇಡ ಅಂದ್ರು ಸೆನ್ಸೇ.”

“ಮತ್ತೆ?”

“ಮತ್ತೆಂತ? ಎಲ್ಲರೂ ಮೊದ್ಲು ಬೇಡ ಅಂತ್ಲೇ ಹೇಳೂದು.”

ತರಗತಿಯೆಲ್ಲ ನಕ್ಕಿತು. ನಗುವಂಥದ್ದೇ. ನಮ್ಮ ಕರಾವಳಿಯಲ್ಲಿ ಊಟಕ್ಕೆ ಕೂತವರು ಯಾರು ತಾನೇ ಮೊದಲನೆಯ ಸಲಕ್ಕೇ ಹ್ಞೂಂ ಅನ್ನುತ್ತಾರೆ? ಬೇಡ ಎನ್ನುವುದು ಮರ್ಯಾದೆ, ಮತ್ತೆ ಕೇಳುವುದು ಮನೆಯವರ ಮರ್ಯಾದೆ. ಮೊದಲ ಬೇಡಕ್ಕೇ ಸೌಟು ಹಿಂದೆ ತೆಗೆದರೆ ಆ ಮನೆಗೆ ಮತ್ತೆ ಕಾಲಿಡುವವರಿಲ್ಲ.

ಸೆನ್ಸೇ ನಗಲಿಲ್ಲ. ಟವೆಲನ್ನು ಮೇಜಿನ ಮೇಲೆ ನಾಲ್ಕು ಮಡಿಕೆ ಮಾಡಿ ಇಟ್ಟರು. “ಅಲ್ಲಿ ಅಜ್ಜಿಯರ ಮನೆ ಹೋಗಿರ್ತದೆ, ಕಾಲು ಹೋಗಿರ್ತದೆ, ಕೆಲವರಿಗೆ ತಮ್ಮ ಹೆಸರೂ ಹೋಗಿರ್ತದೆ. ಬೇಡ ಅನ್ನೋದೊಂದೇ ಅವರ ಕೈಲಿ ಉಳಿದಿರೋದು. ನೀವು ಅದನ್ನೂ ಕಸಕೊಂಡ್ರೆ?”

ಚೈತ್ರಾ ಬಟ್ಟಲನ್ನು ಮೇಜಿನ ಮೇಲಿಟ್ಟಳು. ಕಿಟಕಿಯ ಕೊಕ್ಕೆ ಬಡಿಯುತ್ತಿತ್ತು.

ಅದಾದ ಮೇಲೂ ಚೈತ್ರಾಳಿಗೆ ಆಗಲಿಲ್ಲ. ತಿಳಿಯಲಿಲ್ಲ ಎಂದಲ್ಲ, ಕೈ ಕೇಳುತ್ತಿರಲಿಲ್ಲ. ತಾಲೀಮಿನ ಪರೀಕ್ಷೆಯಲ್ಲೂ ಬಟ್ಟಲನ್ನು ಅರ್ಧಕ್ಕೆ ಎತ್ತಿ, ನನ್ನ ಮುಖ ನೋಡಿ, ಮತ್ತೆ ಇಳಿಸಿ, ಇನ್ನೊಮ್ಮೆ ಕೇಳಿಯೇಬಿಟ್ಟಳು. ಸೆನ್ಸೇ ಅವಳ ಹಾಳೆಯ ಮೇಲೆ ಉದ್ದಕ್ಕೆ ಗೀಟೆಳೆದರು. ಇನ್ನೊಂದು ತಾಲೀಮು ಇದೆ, ಅದರಲ್ಲೂ ಹೀಗಾದರೆ ಕೊನೆಯ ಪರೀಕ್ಷೆಗೆ ಹೆಸರು ಕಳಿಸುವುದಿಲ್ಲ ಎಂದರು.

ಆ ಸಂಜೆ ಬಸ್‌ಸ್ಟ್ಯಾಂಡಿನ ಕ್ಯಾಂಟೀನಿನಲ್ಲಿ ಬನ್ಸ್ ತರಿಸಿಕೊಂಡು ನಾವಿಬ್ಬರೇ ಅಭ್ಯಾಸಕ್ಕೆ ಕೂತೆವು. ಅವಳು ಕೇಳುವುದು, ನಾನು ಬೇಡ ಎನ್ನುವುದು, ಅವಳು ತಟ್ಟೆ ಎಳೆದುಕೊಳ್ಳುವುದು. ಸಪ್ಲೈ ಮಾಡುವವನು ಎರಡು ಸಲ ನೋಡಿ, “ಬನ್ಸ್ ಹಳಸಿದ್ಯಾ ಅಮ್ಮ?” ಎಂದು ಕೇಳಿಯೂ ಹೋದ.

“ನಿಮ್ಮ ಮುಖನೇ ಸರಿ ಇಲ್ಲೆ ಅಕ್ಕ” ಎಂದಳು ಚೈತ್ರಾ ಸಿಟ್ಟಿನಿಂದ. “ಬೇಡ ಅಂತ್ರಿ, ಆದ್ರೆ ನೋಡಿದ್ರೆ ಬೇಕು ಅಂದಂಗೇ ಇರ್ತದೆ. ನಮ್ಮ ಅಜ್ಜಿನೂ ಹಿಂಗೇ. ಕಣ್ಣು ಕಾಣ್ದೆ ಮೂಲೆಲಿ ಕೂತಿದ್ರು, ನಾನೇ ಉಣ್ಸೂದು. ಮೊದ್ಲ ಬೇಡಕ್ಕೆ ಬಟ್ಲು ತೆಗದಿದ್ರೆ ಆ ಹೊತ್ತು ಉಪಾಸ ಬೀಳ್ತಿದ್ರು ವಿನಾ ಬಾಯಿ ಬಿಟ್ಟು ಕೇಳ್ತಿರ್ಲಿಲ್ಲ.”

“ಹಂಗಾರೆ ನಾ ಕಣ್ಣು ಮುಚ್ಕಂಡು ಕೂರ್ತೆ.”

“ಬ್ಯಾಡ ಮಾರಾಯ್ರೇ. ಇನ್ನೂ ಅಜ್ಜಿ ಹಂಗೇ ಕಾಣ್ತ್ರಿ.”

ನಕ್ಕೆವು. ಆದರೆ ಬಸ್ಸಿನಲ್ಲಿ ಕೂತ ಮೇಲೆ ಅವಳ ಆ ಮಾತೇ ಕಿವಿಯಲ್ಲಿತ್ತು. ನನ್ನ ಮುಖದಿಂದ ಈ ಹುಡುಗಿಯ ಬದುಕು ಕೆಡುವುದೇ? ಮರುದಿನ ಸೆನ್ಸೇಯ ಹತ್ತಿರ ಹೋಗಿ ಅವಳ ಜೋಡಿ ಬದಲಿಸಿ, ಬೇಕಾದರೆ ನಾನು ತರಗತಿಯನ್ನೇ ಬಿಡುತ್ತೇನೆ ಎಂದೆ. ಅವರು, “ಅಲ್ಲಿ ಅವಳಿಗೆ ಬೇಕಾದ ಮುಖದ ಅಜ್ಜಿಯನ್ನ ಯಾರು ಹುಡುಕಿ ಕೊಡ್ತಾರೆ?” ಎಂದರು. ನಾನು ಹಿಂತಿರುಗಿ ಬಂದು ನನ್ನ ಬೆಂಚಿನಲ್ಲಿ ಕೂತೆ.

ಎರಡನೆಯ ತಾಲೀಮಿನಲ್ಲಿ ಚೈತ್ರಾ ಮಾಡಿದಳು. ನಾನು ಬೇಡ ಎಂದ ಕೂಡಲೇ ವಕಾರಿಮಾಶಿತಾ ಎಂದು ಬಟ್ಟಲು ತೆಗೆದು, ತಲೆಬಾಗಿ, ಹೊರಗೆ ಹೋದಳು. ಸೆನ್ಸೇ ಅವಳ ಹೆಸರನ್ನು ಪರೀಕ್ಷೆಗೆ ಕಳಿಸಿದರು. ನಾನು ವರಾಂಡಕ್ಕೆ ಹೋಗಿ ನೋಡಿದರೆ ಅವಳು ನಲ್ಲಿಯ ಕೆಳಗೆ ಕೈ ತಿಕ್ಕಿ ತಿಕ್ಕಿ ತೊಳೆಯುತ್ತಿದ್ದಳು. “ಆತಲ್ಲ?” ಎಂದೆ. “ಆತು” ಎಂದಳು, ಮುಖ ತಿರುಗಿಸದೆ.

ಮರುವರ್ಷದ ಜೂನಿನಲ್ಲಿ, ಪರೀಕ್ಷೆಯ ದಿನ, ಮಳೆ ಬೆಳಗಿನಿಂದಲೇ ಬಿಡದೆ ಹೊಡೆಯುತ್ತಿತ್ತು. ಮನೆಯವರಿಗೆಲ್ಲ ತಿಂಡಿ ಕೊಟ್ಟು, ಗಂಜಿ ಡಬ್ಬಿಗೆ ತುಂಬಿ, ನಾನು ಏನೂ ತಿನ್ನದೆ ಮೊದಲ ಬಸ್ಸಿಗೆ ಓಡಿದೆ. ಹೊನ್ನಾವರಕ್ಕೆ ಸ್ವಲ್ಪ ದೂರವಿರುವಾಗ ಸಾಲುಗಟ್ಟಿದ ಲಾರಿಗಳ ಹಿಂದೆ ಬಸ್ಸು ನಿಂತಿತು. ರಸ್ತೆಗೆ ಗುಡ್ಡದ ಕೆಂಪು ಮಣ್ಣು ಇಳಿದಿತ್ತು. ಕಂಡಕ್ಟರ್ ಇಳಿದು ನೋಡಿ ಬಂದು, “ಜೆಸಿಬಿ ಬರ್ಬೇಕಂತೆ, ಹೊತ್ತಾತದೆ” ಎಂದ. ನಾನು ಇಳಿದೆ. ಚಪ್ಪಲಿ ಕೈಯಲ್ಲಿ ಹಿಡಿದು, ಡಬ್ಬಿಯನ್ನು ಎದೆಗವಚಿಕೊಂಡು, ಮಣ್ಣಿನ ಅಂಚಿನಲ್ಲೇ ನಡೆದೆ. ಕೊಡೆ ಗಾಳಿಗೆ ಉಲ್ಟಾ ಆಯಿತು. ದಾಟಿ ಆಚೆ ಒಂದು ರಿಕ್ಷಾ ಸಿಕ್ಕದಿದ್ದರೆ ಏನಾಗುತ್ತಿತ್ತೋ.

ಗೇಟಿನಲ್ಲಿ ಚೈತ್ರಾ ಬಿಳಿಚಿಕೊಂಡು ನಿಂತಿದ್ದಳು. “ಬಂದ್ರಿ! ನಾ ಸತ್ತೇ ಹೋಗಿದ್ದೆ ಅಕ್ಕ. ಬಾಗ್ಲು ಇನ್ನೂ ಹಾಕಲಿಲ್ಲೆ. ಆಚೆಯವ್ರ ನೆಟ್ ಸಿಕ್ತಿಲ್ವಂತೆ. ದೇವ್ರು ದೊಡ್ಡವ್ನು.”

ಪರೀಕ್ಷಕರು ಜಪಾನಿನಲ್ಲಿದ್ದರು. ಗೋಡೆಯ ಮೇಲಿನ ದೊಡ್ಡ ಪರದೆಯಲ್ಲಿ ಅವರ ಮುಖ ಬಂತು. ನರೆತ ಕೂದಲನ್ನು ಕಿವಿಯ ಹಿಂದೆ ಸಿಕ್ಕಿಸಿದ್ದ ಹೆಂಗಸು, ನಗುವೂ ಇಲ್ಲ ಗಂಟೂ ಇಲ್ಲದ ಮುಖ. ಸೆನ್ಸೇ ಬದಿಯ ಕುರ್ಚಿಯಲ್ಲಿ ಕೂತರು. ಅವರು ಮಾತಾಡುವ ಹಾಗಿರಲಿಲ್ಲ. ನಾನು ಅಜ್ಜಿಯ ಕುರ್ಚಿಯಲ್ಲಿ ಕೂತೆ. ಚೈತ್ರಾ ನಮಸ್ಕರಿಸಿ, ಹೆಸರು ಹೇಳಿ, ನನ್ನ ಮೊಣಕಾಲಿಗೆ ಟವೆಲು ಹೊದಿಸಿ, ಬಟ್ಟಲು ಎತ್ತಿಕೊಂಡಳು. ಎಲ್ಲವೂ ಅಚ್ಚುಕಟ್ಟು. ಗಂಜಿ ಆರುತ್ತ ಬಂದಿತ್ತು. ಆ ವಾಸನೆ.

“ಅಜ್ಜಿ, ಗಂಜಿ ಕುಡಿಯುವಿರಾ?”

“ಇಯೆ, ಕೆಕ್ಕೋ ದೆಸ್.”

ಈಗ ಅವಳು ವಕಾರಿಮಾಶಿತಾ ಎನ್ನಬೇಕು. ಬಟ್ಟಲು ಅಲುಗಿತು, ಎರಡಿಂಚು ಹಿಂದೆ ಹೋಯಿತು. ಅಲ್ಲೇ ನಿಂತಿತು. ಚೈತ್ರಾ ನನ್ನನ್ನೇ ನೋಡುತ್ತಿದ್ದಳು. ‘ಹೇಳೇ, ಹೇಳು’ ಎಂದು ನಾನು ಒಳಗೊಳಗೇ ಹಲ್ಲು ಕಚ್ಚಿದೆ. ಅವಳು ಹೇಳಲಿಲ್ಲ. ನಿಂತಿದ್ದವಳು ನೆಲಕ್ಕೆ ಮೊಣಕಾಲೂರಿ, ತನ್ನ ಕಣ್ಣನ್ನು ನನ್ನ ಕಣ್ಣಿನ ಮಟ್ಟಕ್ಕೆ ತಂದು, ಪಾಠದಲ್ಲೆಲ್ಲೂ ಇಲ್ಲದ ಮಾತನ್ನು ಜಪಾನಿಯಲ್ಲೇ ಮೆಲ್ಲಗೆ ಕೇಳಿದಳು.

“ಅಜ್ಜಿ, ಸ್ವಲ್ಪವೂ ಬೇಡವೇ?”

ಸೆನ್ಸೇಯ ಕೈಯಲ್ಲಿ ಟವೆಲು ಮುದ್ದೆಯಾದದ್ದು ಕಡೆಗಣ್ಣಿಗೆ ಕಂಡಿತು. ನನಗಿನ್ನು ಪಾಠವಿಲ್ಲ. ಮತ್ತೆ ಬೇಡ ಎಂದರೆ ಅವಳು ಬಟ್ಟಲು ತೆಗೆಯಬಹುದು, ಒಂದು ತಪ್ಪಿಗೆ ಮುಗಿಯಬಹುದು. ಅದೇ ಸರಿಯಾದ ದಾರಿ ಎಂದು ತಲೆಗೆ ಗೊತ್ತಿತ್ತು. ಆದರೆ ಅದೇ ಗಳಿಗೆಯಲ್ಲಿ ನನ್ನ ಕಣ್ಣ ಮುಂದೆ ಬಂದವರು ಅಪ್ಪ. ಡಿಗ್ರಿ ಮೊದಲ ವರ್ಷದಲ್ಲಿದ್ದೆ. ನೋಡಲು ಬಂದ ಗಂಡಿನ ಕಡೆಯವರು ಜಗಲಿಯಲ್ಲಿ ಕೂತಿದ್ದರು. ಅಪ್ಪ ಒಳಗೆ ಬಂದು, “ಮುಂದೆ ಓದ್ಸೂಕೆ ಅವ್ರದ್ದೇನೂ ಅಡ್ಡಿ ಇಲ್ವಂತೆ. ಓದ್ತ್ಯೇನೆ?” ಎಂದು ಕೇಳಿದ್ದರು. ಅಂಥ ಹೊತ್ತಿನಲ್ಲಿ ಹುಡುಗಿ ಹ್ಞೂಂ ಅನ್ನಬಾರದು. “ಬೇಡಪ್ಪ” ಎಂದು ತಲೆ ತಗ್ಗಿಸಿ, ಸೆರಗಿನ ನೂಲು ಎಳೆಯುತ್ತ ನಿಂತಿದ್ದೆ, ಅವರು ಇನ್ನೊಮ್ಮೆ ಕೇಳಲಿ ಎಂದು. “ಸರಿ ಹಂಗಾರೆ” ಎಂದು ಅಪ್ಪ ಜಗಲಿಗೆ ಹೋದರು. ಊಟಕ್ಕೆ ಕೂತವರನ್ನು ನಾಲ್ಕು ನಾಲ್ಕು ಸಲ ಕೇಳುತ್ತಿದ್ದ ಮನುಷ್ಯ.

“ಸುಕೋಶಿ” ಎಂದಿತು ನನ್ನ ಬಾಯಿ. ಸ್ವಲ್ಪ.

ಚೈತ್ರಾ ಚಮಚ ಕೊಟ್ಟಳು. ಬೆಳಗಿನಿಂದ ಖಾಲಿಯಿದ್ದ ಹೊಟ್ಟೆಗೆ ಉಪ್ಪಿಲ್ಲದ ಆ ತಣ್ಣನೆ ಗಂಜಿ ಇಳಿಯಿತು. ಇನ್ನೊಂದು ಚಮಚಕ್ಕೆ ನಾನೇ ಬಾಯಿ ತೆರೆದೆ.

ಪರದೆಯಿಂದ ದನಿ ಬಂತು. ಪರೀಕ್ಷಕರು ನಿಲ್ಲಿಸಲು ಹೇಳಿದರು. ಅವರ ಪ್ರಶ್ನೆ ನನಗೂ ಅರ್ಥವಾಯಿತು. ಅಜ್ಜಿ ಬೇಡ ಎಂದರಲ್ಲ, ಮತ್ತೆ ಯಾಕೆ ಕೇಳಿದೆ?

ಮಾಡಿನ ಮೇಲೆ ಮಳೆ ಸುರಿಯುತ್ತಿತ್ತು. ಚೈತ್ರಾ ಚಮಚವನ್ನು ಬಟ್ಟಲಿಗಿಟ್ಟಳು. ಅವಳು ಒಂದೊಂದೇ ಪದ ಹುಡುಕಿ, ಜೋಡಿಸಿ, ಮಧ್ಯೆ ನಿಂತು, ಹೇಳಿದಳು. “ಅಜ್ಜಿ ಬೇಡ ಎಂದರು. ಅಜ್ಜಿಯ ಕಣ್ಣು ಬಟ್ಟಲನ್ನು ನೋಡುತ್ತಿತ್ತು.”

“ಎರಡನೆಯ ಸಲವೂ ಬೇಡ ಎಂದಿದ್ದರೆ?”

“ತಿಳಿಯಿತು ಎಂದು ಬಟ್ಟಲು ತೆಗೆಯುತ್ತಿದ್ದೆ” ಎಂದಳು. ಒಮ್ಮೆ ಸೆನ್ಸೇಯ ಕಡೆ ನೋಡಿದಳು. “ಮೂರನೆಯ ಸಲ ಕೇಳುವುದಿಲ್ಲ. ಬೇಡ ಎನ್ನುವುದು ಅಜ್ಜಿಯದು.”

ಪರೀಕ್ಷಕರು ಬಾಯಿ ತೆರೆದರು. ಅಷ್ಟರಲ್ಲಿ ಪರದೆ ನಿಂತುಹೋಯಿತು. ಅವರ ಮುಖ ಅರ್ಧ ತೆರೆದ ಬಾಯಿಯೊಂದಿಗೆ ಗೋಡೆಯ ಮೇಲೆ ಹಾಗೇ ಉಳಿಯಿತು. ಆಮೇಲೆ ಅದೂ ಹೋಗಿ ನೀಲಿಯಾಯಿತು.

ನಾವು ಕಾದೆವು. ಕಾಲೇಜಿನವರು ತಂತಿ ಕಿತ್ತು ಸಿಕ್ಕಿಸಿ ಏನೇನೋ ಮಾಡಿದರು. ನೆಟ್ ಬರಲಿಲ್ಲ. ಸೆನ್ಸೇ ಫೋನಿನಲ್ಲಿ ಮಾತಾಡಿ ಬಂದು, ಪರೀಕ್ಷೆ ಅಷ್ಟಕ್ಕೇ ಮುಗಿಯಿತು, ಫಲಿತಾಂಶ ಆಮೇಲೆ ಎಂದರು. “ಪಾತ್ರೆ ತೊಳೆದಿಡಿ” ಎಂದು ಚೀಲ ಎತ್ತಿಕೊಂಡರು.

ಮೆಟ್ಟಿಲಿಳಿಯುವಾಗ ಚೈತ್ರಾ ಕೇಳಿದಳು, “ಅಕ್ಕ, ಐಸ್ ಫ್ಯಾಕ್ಟರೀಲಿ ಸ್ವೆಟರ್ ಬೇಕಾತದ್ಯಾ?”

“ಸುಮ್ನಿರೇ.”

“ಇಲ್ಲ, ನಿಜ ಕೇಳ್ದೆ.” ನಗಲು ಹೋದವಳ ತುಟಿ ಸೊಟ್ಟಗಾಯಿತು. ಭಟ್ಕಳದ ಬಸ್ಸು ಬಂದಿತ್ತು. ಓಡಿ ಹತ್ತಿಕೊಂಡಳು.

ಆಮೇಲಿನ ದಿನಗಳಲ್ಲಿ ನಾನು ಒಗ್ಗರಣೆ ಎಷ್ಟು ಸಲ ಸೀಯಿಸಿದೆನೋ. ಮಾಡಿದ್ದು ಸರಿಯೋ ತಪ್ಪೋ ಎಂದು ಒಮ್ಮೆ ಹೀಗೆ, ಒಮ್ಮೆ ಹಾಗೆ. ಜುಲೈಯಲ್ಲಿ ತರಗತಿ ಮತ್ತೆ ಶುರುವಾದಾಗ ಸೆನ್ಸೇ ಎಂದಿನ ದನಿಯಲ್ಲೇ ಹೆಸರುಗಳನ್ನು ಓದಿದರು. ನಾನು ಅಕ್ಷರದ ಪತ್ರಿಕೆಯಲ್ಲಿ ಫೇಲು, ಮುಂದಿನ ಜೂನಿಗೆ ಮತ್ತೆ ಕೂರಬಹುದು. ಚೈತ್ರಾಳ ಹೆಸರು ಬಂದಾಗ ಅವರು ಹಾಳೆಯನ್ನು ಮೇಜಿನ ಮೇಲಿಟ್ಟರು.

“ಪಾಸು. ಪಾಠ ತಪ್ಪಿದ್ದಕ್ಕೆ ಅಂಕ ಕಳೆದಿದ್ದಾರೆ. ‘ಈ ಹುಡುಗಿ ನೋಡಿ ಕೇಳುತ್ತಾಳೆ’ ಅಂತ ಬರೆದಿದ್ದಾರೆ.” ಟವೆಲನ್ನು ಮಡಚಿದರು, ಬಿಚ್ಚಿದರು, ಮತ್ತೆ ಮಡಚಿದರು. “ನಾನು ಅಲ್ಲಿದ್ದಾಗ ನನಗೆ ಯಾರೂ ಹಾಗೆ ಬರೀಲಿಲ್ಲ.”

ಚೈತ್ರಾ ಬೆಂಚಿನ ಮೇಲೆ ತಲೆಯಿಟ್ಟು ಅತ್ತಳು. ಜಡೆಯ ತುದಿಯಲ್ಲಿ ಪೆನ್ನು ಇನ್ನೂ ಸುತ್ತಿಕೊಂಡಿತ್ತು.

ಹೊರಡುವ ಮುಂಚೆ ಅವಳ ಮನೆಗೆ ಊಟಕ್ಕೆ ಕರೆದಿದ್ದರು. ತೆಂಗಿನಗುಂಡಿಯಲ್ಲಿ ಆ ದಿನ ಬಿಸಿಲಿತ್ತು, ಬಲೆಗಳು ಒಣಗುತ್ತಿದ್ದವು. ತದಡಿಯ ಮಾವನೂ ಬಂದಿದ್ದರು, ದೊಡ್ಡ ಹೊಟ್ಟೆಯ, ಜೋರು ದನಿಯ ಮನುಷ್ಯ. “ಇವ್ಳ ಕುರ್ಚಿಗೆ ಹೊಸಾ ದಿಂಬು ಹಾಕ್ಸಿದ್ದೆ ಕಾಣಿ ಅಮ್ಮ” ಎಂದರು ನನಗೆ. “ಈಗ ನಾನೇ ಕೂತ್ಕಂತೆ. ಎಂತ ಮಾಡೂದು, ಜಪಾನಿನ ಮುದ್ಕೀರ ಪುಣ್ಯ ನನ್ನ ಐಸಿಗಿಲ್ಲೆ.” ಸೋದರಸೊಸೆಯ ತಲೆಯ ಮೇಲೆ ಒಂದು ಮೊಟಕಿದರು.

ಬಂಗಡೆ ಸಾರು, ಹುರಿದ ಬಂಗಡೆ, ಬಿಸಿ ಅನ್ನ. ಚೈತ್ರಾಳ ಅಮ್ಮ ಮತ್ತೆ ಮೀನು ತಂದರು. ನಾನು ತಟ್ಟೆಗೆ ಕೈ ಅಡ್ಡ ಹಿಡಿದು, “ಬೇಡ ಬೇಡ, ಸಾಕು” ಎಂದೆ.

ಎದುರು ಕೂತಿದ್ದ ಚೈತ್ರಾ ಎದ್ದಳು. ಸೊಂಟದಿಂದ ಬಾಗಿ ನಮಸ್ಕರಿಸಿದಳು. “ವಕಾರಿಮಾಶಿತಾ” ಎಂದಳು. ನನ್ನ ತಟ್ಟೆಯನ್ನು ಎರಡೂ ಕೈಯಲ್ಲಿ ಎತ್ತಿಕೊಂಡು ಅಡುಗೆಮನೆಯ ಕಡೆ ನಡೆದೇಬಿಟ್ಟಳು.

“ಏ ಹುಚ್ಚೆಣ್ಣೇ!” ಎಂದು ಅವಳ ಅಮ್ಮ ಕಿರುಚಿದರು. “ಉಂಬವ್ರ ಬಟ್ಲು ತೆಗೀತ್ರಾ? ಜಪಾನಿಗೆ ಹೋಗೂಕೆ ಮುಂಚೆನೇ ಮಳ್ಳು ಹಿಡೀತಾ ನಿಂಗೆ?”

ಮಾವ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು. ನಾನು ಎಂಜಲು ಕೈಯಲ್ಲೇ ಅರ್ಧ ಎದ್ದಿದ್ದೆ.

“ಚೈತ್ರಾ, ತಾ ಇಲ್ಲಿ! ಬೇಕು ನಂಗೆ. ಆ ಮೀನೂ ಬೇಕು.”

ಬೇರೆಯವರ ಮನೆಯಲ್ಲಿ, ಗಂಡಸರೆದುರು, ಅಷ್ಟು ಗಟ್ಟಿಯಾಗಿ. ಅಡುಗೆಮನೆಯ ಹೊಸ್ತಿಲಲ್ಲಿ ಅವಳು ತಟ್ಟೆ ಹಿಡಿದೇ ತಿರುಗಿ ನಿಂತಳು. ಮುಖವೆಲ್ಲ ತುಂಟತನ.

“ಎಂತ ಅಂದ್ರಿ ಅಕ್ಕ? ಕೇಳ್ಸಲಿಲ್ಲೆ. ಇನ್ನೊಂದ್ಸಲ ಹೇಳಿ.”

ಹೇಳಿದೆ.